ಅಜ್ಜಾರ ಬೈಕಿನ ಬ್ಯಾಟರಿ

ಒಂದು ಹೊಳೆ, ಹೊಳೆಯ ದಂಡೆಗೆ ಒಂದು ಮಠ. ಯಾವ ಹೊಳೆ ಅಂತ ಕೇಳಬಾರದು. ಹೆಸರು ಹೇಳಿದರೆ ಆ ದಂಡೆಯವರು ಬಂದು, ನಮ್ಮಲ್ಲಿ ಅಂಥ ಮಠವೇ ಇಲ್ಲ ಅನ್ನುತ್ತಾರೆ.

ಮಠದಲ್ಲಿ ಇಬ್ಬರು ಮನುಷ್ಯರು, ಒಂದು ಹಳೆಯ ಬೈಕು. ಗುರು ಮರುಳಯ್ಯಜ್ಜ, ಶಿಷ್ಯ ಕೊಟ್ರಯ್ಯ. ಹಳ್ಳಿಗಳಿಗೆ ಭಿಕ್ಷೆಗೆ ಹೊರಟರೆ ಅಜ್ಜ ಮುಂದೆ ಕೂತು ಗಾಡಿ ಹೊಡೆಯುವರು. ಕೊಟ್ರಯ್ಯ ಜೋಳಿಗೆ ಹಿಡಿದು ಹಿಂದೆ ಕೂರುವನು.

ಮಠಕ್ಕೆ ಬರುವ ಮೊದಲು ಕೊಟ್ರಯ್ಯ ಎಂಟು ವರ್ಷ ಬೈಕಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಊರೂರು ಸುತ್ತಿದವನು. ಕಣ್ಣು ಮುಚ್ಚಿ ಗಾಡಿ ಹೊಡೆಯಬಲ್ಲ. ಅಜ್ಜನಾದರೋ ಎರಡೂ ಕಣ್ಣು ತೆರೆದುಕೊಂಡೇ ಎಲ್ಲ ಗುಂಡಿಗೂ ದರ್ಶನ ಕೊಟ್ಟು ಹೋಗುವರು. ಆದರೂ ಹ್ಯಾಂಡಲ್ ಹಿಡಿ ಅಂದರೆ ಕೊಟ್ರಯ್ಯ ಕೆನ್ನೆ ಬಡಿದುಕೊಳ್ಳುವನು. ಮುಂದೆ ಕೂತರೆ ಗುರುವಿಗೆ ಬೆನ್ನು ಹಾಕಿದಂತಲ್ಲವೇ?

ಅವನಿಗೆ ಬೇಕಾದದ್ದು ಒಂದೇ. ಉಪದೇಶ. ಗುರು ಕಿವಿಯಲ್ಲಿ ಹೇಳುವ ಮಾತು. ಮೂರು ವರ್ಷದಿಂದ ಕೇಳುತ್ತಿದ್ದ.

"ನಿನ್ನ ಕಿವಿಯೊಳಗ ಜಾಗಾ ಇಲ್ಲೋ ತಮ್ಮಾ" ಅನ್ನುವರು ಅಜ್ಜ.

ಕೊಟ್ರಯ್ಯ ದಿನಕ್ಕೆರಡು ಸಲ ಕಿವಿ ತೊಳೆಯತೊಡಗಿದ.

ಶ್ರಾವಣದ ಒಂದು ಸೋಮವಾರ ಅಜ್ಜ ಬಟನ್ ಒತ್ತಿದರೆ ಗಾಡಿ ಟಿಕ್ ಅಂದು ಸುಮ್ಮನಾಯಿತು. ಕಿಕ್ಕು ಮುರಿದು ಎಷ್ಟೋ ಕಾಲವಾಗಿತ್ತು. ಬ್ಯಾಟರಿ ನೋಡಿದರೆ ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ. ಅದರ ಆಯುಸ್ಸು ಮುಗಿದಿತ್ತು.

"ಹೊಸಾದು ತಂದು ಹಾಕು, ಜ್ವಾಪಾನ ಮಾಡು" ಅಂದರು ಅಜ್ಜ. "ಮಹಾನವಮಿ ದಿನ ಗಾಡಿ ಪೂಜೆ ಆದಮ್ಯಾಲೆ ನಾ ಬಟನ್ ಒತ್ತತೀನಿ. ಒಂದೇ ಒತ್ತಿಗೆ ಚಾಲೂ ಆತು ಅಂದ್ರ ನಿನಗ ಉಪದೇಶ."

"ಆಗಲಿಲ್ಲ ಅಂದ್ರ ರೀ ಅಜ್ಜಾರ?"

"ಆಗಲಿಲ್ಲ ಅಂದ್ರ ದಬ್ಬು."

ಕೊಟ್ರಯ್ಯ ಪೇಟೆಗೆ ಓಡಿದ. ಬ್ಯಾಟರಿ ಅಂಗಡಿಯ ಮೌಲಾಸಾಬ ಯಾವ ಗಾಡಿಗೆ, ಎಷ್ಟರದು ಅಂತ ಕೇಳಿದ. ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ ಅದು ಅಂದ ಕೊಟ್ರಯ್ಯ. ಅದು ಟ್ರ್ಯಾಕ್ಟರಿನದು ಅಂತ ಮೌಲಾಸಾಬ ಎರಡು ಸಲ ಹೇಳಿದ. ನಮ್ಮ ಅಜ್ಜಾರಿಗೆ ಸಣ್ಣದು ಒಯ್ಯಲೇನು ಅಂತ ಇವನು ಮೂರು ಸಲ ಕೇಳಿದ.

ಹನ್ನೊಂದು ಮೈಲಿ ತಲೆಯ ಮೇಲೆ ಹೊತ್ತು ತಂದೆ ಅಂತ ಕೊಟ್ರಯ್ಯ ಇವತ್ತಿಗೂ ಹೇಳುತ್ತಾನೆ. ಪೇಟೆ ಇರುವುದು ನಾಲ್ಕನೇ ಮೈಲಿಗೆ. ಇರಲಿ, ಭಾರ ಹೊತ್ತವನಿಗೆ ದಾರಿ ಉದ್ದವೇ.

ಬೈಕಿನಲ್ಲಿ ಬ್ಯಾಟರಿ ಕೂರುವ ಗೂಡು ಅಂಗೈಯಗಲ. ಕೊಟ್ರಯ್ಯ ಹಿಂದಿನಿಂದ ತುರುಕಿ ನೋಡಿದ, ಮುಂದಿನಿಂದ ತುರುಕಿ ನೋಡಿದ, ಕೊನೆಗೆ ಹಗ್ಗ ತಂದ.

ಅಜ್ಜ ಹಗ್ಗ ನೋಡಿ, ತಲೆಯೆತ್ತಿ ತೊಲೆ ನೋಡಿದರು. ಮಕ್ಕಳಾಗಲೆಂದು ಹರಕೆ ಹೊತ್ತವರು ಮಠದ ತೊಲೆಗೆ ಪುಟ್ಟ ಪುಟ್ಟ ತೊಟ್ಟಿಲು ಕಟ್ಟಿ ಹೋಗಿದ್ದರು. ಅಜ್ಜ ಅವುಗಳಲ್ಲಿ ಒಂದನ್ನು ಬಿಚ್ಚಿ ನೆಲಕ್ಕಿಟ್ಟು, ಪಂಚೆ ಎತ್ತಿಕಟ್ಟಿ, ಅದರೊಳಗೆ ಕೂರಲು ಹೊರಟರು. ಒಂದು ಪಾದ ಹೋಯಿತು. ಇನ್ನೊಂದಕ್ಕೆ ಜಾಗವಿರಲಿಲ್ಲ.

"ಅಜ್ಜಾರ, ಏನ್ ಮಾಡಾಕತ್ತೀರಿ?"

"ಎಷ್ಟು ದೊಡ್ಡ ಗುರು ನೋಡೋ, ತೊಟ್ಟಿಲಾಗ ಕುಂದ್ರಾಕ ಆಗವಲ್ದು" ಅಂದರು ಅಜ್ಜ. "ಹಳೇದನ್ನೂ ಹೊತಗೊಂಡು ಹೋಗು. ತನ್ನ ತಮ್ಮ ಯಾರು ಅಂತ ಅದೇ ಗುರುತು ಹಿಡೀತೈತಿ."

ಮೌಲಾಸಾಬ ಟ್ರ್ಯಾಕ್ಟರಿನದನ್ನು ವಾಪಸು ಇಟ್ಟುಕೊಂಡ. ಹಳೆಯ ಬ್ಯಾಟರಿ ಪಕ್ಕಕ್ಕೆ ಹೊಸದು ಇಟ್ಟು ಹೆಣ್ಣು-ಗಂಡು ಜೋಡಿ ನೋಡಿದಂತೆ ನೋಡಿದ. ಉದ್ದ ಅಗಲ ಸರಿಯಿದೆಯೇ, ಮೈಮೇಲೆ ಬರೆದ ವೋಲ್ಟು ಅದೇ ತಾನೇ, ಪ್ಲಸ್ಸು ಅದೇ ಬದಿಗಿದೆಯೇ. ಆಮೇಲೆ ಆ್ಯಸಿಡ್ ತುಂಬಿ, ಸಂಜೆಯವರೆಗೆ ಚಾರ್ಜಿಗೆ ಹಾಕಿ, ಬುದ್ಧಿ ಹೇಳಿದ. ತಂತಿ ಕಟ್ಟುವಾಗ ಪ್ಲಸ್ ಮೊದಲು, ಬಿಚ್ಚುವಾಗ ಮೈನಸ್ ಮೊದಲು. ತುದಿಗಳಿಗೆ ಚೂರು ವ್ಯಾಸಲೀನ್ ಸವರಬೇಕು. ಮೈಮೇಲೆ ಎರಡು ಗೆರೆ ಇವೆ, ಒಳಗಿನ ನೀರು ಆ ಎರಡರ ನಡುವೆ ಇರಬೇಕು. ತಿಂಗಳಿಗೊಮ್ಮೆ ನೋಡಿದರೆ ಸಾಕು. ಇಳಿದಿದ್ದರೆ ಶುದ್ಧ ನೀರು, ಡಿಸ್ಟಿಲ್ಡ್ ವಾಟರ್, ಅದನ್ನು ಮಾತ್ರ ಹಾಕಬೇಕು. ನಲ್ಲಿ ನೀರು ಬೇಡ, ಬಾವಿ ನೀರು ಬೇಡ, ಹೊಳೆ ನೀರಂತೂ ಬೇಡವೇ ಬೇಡ.

ಕೊಟ್ರಯ್ಯ ದಾರಿಯುದ್ದಕ್ಕೂ ಯೋಚಿಸಿದ. ನಲ್ಲಿಗಿಂತ, ಬಾವಿಗಿಂತ, ಹೊಳೆಗಿಂತ ಶುದ್ಧವಾದ ನೀರು ಜಗತ್ತಿನಲ್ಲಿ ಯಾವುದು?

ಮಠ ಕಾಣುವ ಹೊತ್ತಿಗೆ ಅವನಿಗೆ ಹೊಳೆಯಿತು.

ಪ್ರತಿದಿನ ಬೆಳಿಗ್ಗೆ ಅವನು ಅಜ್ಜನ ಪಾದಕ್ಕೆ ವಿಭೂತಿ ಹಚ್ಚಿ, ತೊಳೆದು, ಆ ನೀರನ್ನು ತಾಮ್ರದ ತಟ್ಟೆಯಲ್ಲಿ ಹಿಡಿದು ಮೂರು ಉದ್ಧರಣೆ ಕುಡಿಯುತ್ತಿದ್ದ. ಗುರುವಿನ ಪಾದೋದಕ. ಮೌಲಾಸಾಬ ಹೇಳಿದ ಬೇಡದ ನೀರುಗಳಲ್ಲಿ ಅದರ ಹೆಸರೇ ಇರಲಿಲ್ಲ.

ತಿಂಗಳಿಗೊಮ್ಮೆ ನೋಡುವುದು ಸಂಸಾರಸ್ಥರ ಗಾಡಿಗೆ. ಕೊಟ್ರಯ್ಯ ದಿನಾ ನೋಡಿದ, ದಿನಾ ಮುಚ್ಚಳ ತೆಗೆದ, ದಿನಾ ಒಂದೊಂದು ಉದ್ಧರಣೆ ಹಾಕಿದ. ಗೆರೆ ದಾಟಿ ನೀರು ತುಳುಕಿ ಹೊರಗೆ ಬಂದ ದಿನ ಕಣ್ಣಿಗೊತ್ತಿಕೊಂಡ. ಗುರುಕೃಪೆ ತುಂಬಿ ಹರಿಯಿತು ಅಂದುಕೊಂಡ. ಅದು ಸಿಡಿದು ಪಂಚೆಯಲ್ಲಿ ತೂತು ಬಿದ್ದಾಗಲೂ ಅವನಿಗೆ ಬೇಸರವಾಗಲಿಲ್ಲ. ತೂತುಗಳು ನಕ್ಷತ್ರದ ಹಾಗೆ ಇದ್ದವು.

ಭಾದ್ರಪದ ಕಳೆಯುವಷ್ಟರಲ್ಲಿ ಗಾಡಿ ಒಂದೊಂದು ದಿನ ಕೊಸರಾಡತೊಡಗಿತು. ಕೊಟ್ರಯ್ಯ ಎರಡೆರಡು ಉದ್ಧರಣೆ ಹಾಕಿದ.

ಮಹಾನವಮಿ ಬಂತು. ಬೈಕಿಗೆ ಚೆಂಡುಹೂವಿನ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು. ಕೊಟ್ರಯ್ಯ ಅಂದು ನಾಲ್ಕು ಸಲ ಕಿವಿ ತೊಳೆದಿದ್ದ. ಆರತಿ ಮುಗಿಯಿತು. ಅಜ್ಜ ಗಾಡಿ ಹತ್ತಿ ಬಟನ್ ಒತ್ತಿದರು.

ಟಿಕ್ ಅಂತಲೂ ಅನ್ನಲಿಲ್ಲ.

ಕೊಟ್ರಯ್ಯನ ಮುಖ ಅಲ್ಲೇ ಇಳಿಯಿತು.

"ದಬ್ಬು" ಅಂದರು ಅಜ್ಜ.

ಮಠದ ಮುಂದಿನಿಂದ ಹೊಳೆಯವರೆಗೂ ಇಳಿಜಾರು. ಕೊಟ್ರಯ್ಯ ಮೂಗೊರೆಸಿಕೊಳ್ಳುತ್ತ ದಬ್ಬಿದ. ನಿಂಬೆಹಣ್ಣು ಪಚಕ್ ಅಂದವು. ಗಾಡಿ ಉರುಳಿತು, ಕೆಮ್ಮಿತು, ಇನ್ನೇನು ನೀರಿಗೆ ಬಿತ್ತು ಅನ್ನುವಾಗ ಗುಡುಗುಡು ಅಂತ ಚಾಲೂ ಆಯಿತು. ನಿಲ್ಲಿಸಿದರೆ ಮತ್ತೆ ಸಾಯುತ್ತದೆ. ಅಜ್ಜ ಬಯಲಲ್ಲಿ ಸುತ್ತು ಹೊಡೆಯತೊಡಗಿದರು, ಗಡ್ಡ ಹಾರಿಸಿಕೊಂಡು, ಎಳೆಯ ಹುಡುಗನ ಹಾಗೆ ನಗುತ್ತ.

"ಓಡಿ ಬಂದು ಹತ್ತಲೇ!"

ಕೊಟ್ರಯ್ಯ ಮೂರು ಸುತ್ತು ಓಡಿದ. ನಾಲ್ಕನೇ ಸುತ್ತಿಗೆ ಹಾರಿ ಕೂತ. ಕೂತಾಗ ನೋಡಿಕೊಂಡರೆ ಅವನೂ ನಗುತ್ತಿದ್ದ. ಯಾಕೆಂದು ಅವನಿಗೆ ಗೊತ್ತಿರಲಿಲ್ಲ.

ಪೇಟೆಯಲ್ಲಿ ಮೌಲಾಸಾಬ ಬ್ಯಾಟರಿಯ ಮುಚ್ಚಳ ತೆಗೆದು ಬಗ್ಗಿ ನೋಡಿದ. ಒಳಗೆ ಬೂದಿಬಣ್ಣದ ರಾಡಿ. ಮೂಸಿದ. ಮತ್ತೊಮ್ಮೆ ಮೂಸಿದ. ಇದರೊಳಗೆ ಏನು ಹಾಕಿದಿರಿ ಅಂತ ಕೇಳಿದ.

ಕೊಟ್ರಯ್ಯ ಕೈಮುಗಿದುಕೊಂಡೇ ಹೇಳಿದ.

ಮೌಲಾಸಾಬ ಅಂಗಡಿಯ ಮಾಡು ನೋಡುತ್ತ ನಿಂತ. ಅವನ ಮೀಸೆ ನಡುಗುತ್ತಿತ್ತು.

ಅಜ್ಜ ಬೆಂಚಿನ ಮೇಲೆ ಕೂತು, ಬಲಗಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಅಂಗಾಲನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಹಂಗಾರ ಇದನ್ನ ಕೊಂದಾಂವ ನಾನು" ಅಂದರು.

ಆಮೇಲೆ ಮೌಲಾಸಾಬನ ಮೀಸೆಗೆ ತಡೆಯಲಾಗಲಿಲ್ಲ, ಅಜ್ಜನ ಹೊಟ್ಟೆಗೂ ತಡೆಯಲಾಗಲಿಲ್ಲ. ಪಕ್ಕದ ಅಂಗಡಿಯವರು ಎದ್ದು ಬಂದು ನೋಡುವಷ್ಟು ಇಬ್ಬರೂ ನಕ್ಕರು.

ಹೊಸದೊಂದನ್ನು ಚಾರ್ಜಿಗೆ ಹಾಕಿ, ಮೌಲಾಸಾಬ ಸೀಲು ಒಡೆಯದ ಡಿಸ್ಟಿಲ್ಡ್ ವಾಟರ್ ಬಾಟಲಿ ತಂದಿಟ್ಟ. ಇದರೊಳಗೆ ಏನೈತಿ ಅಂತ ಅಜ್ಜ ಕೇಳಿದರು.

"ಏನೂ ಇಲ್ಲ ಅಜ್ಜಾರ. ನೀರು ಕಾಸಿ, ಆವಿ ಮಾಡಿ ಹಿಡಿದದ್ದು. ಉಪ್ಪು, ಮಣ್ಣು ಎಲ್ಲಾ ಕೆಳಗ ಉಳದಾವ."

ಅಜ್ಜ ಸೀಲು ಒಡೆದು ಕೊಟ್ರಯ್ಯನ ಅಂಗೈಗೆ ನಾಲ್ಕು ಹನಿ ಹಾಕಿ, ನೆಕ್ಕಲು ಹೇಳಿದರು.

"ರುಚಿ?"

"ಯಾವುದೂ ಇಲ್ರೀ."

ಇಳಿಹೊತ್ತಿಗೆ ಬ್ಯಾಟರಿ ಸಿದ್ಧವಾಯಿತು. ಕೊಟ್ರಯ್ಯ ತಾನೇ ಕೂರಿಸಿದ. ಪ್ಲಸ್ ಮೊದಲು, ಮೈನಸ್ ಆಮೇಲೆ. ಅಜ್ಜ ಬಟನ್ ಒತ್ತಿದರು. ಒಂದೇ ಒತ್ತಿಗೆ ಗಾಡಿ ಎದ್ದಿತು. ಎದ್ದು ಏನು ಬಂತು? ಪೂಜೆಯ ಹೊತ್ತು ದಾಟಿಹೋಗಿತ್ತು.

ಕೊಟ್ರಯ್ಯ ನೀರಿನ ಬಾಟಲಿ ಎದೆಗವಚಿಕೊಂಡು ನೆಲ ನೋಡುತ್ತ ನಿಂತ.

"ಅಜ್ಜಾರ, ಉಪದೇಶ ತಪ್ಪಿತಲ್ರೀ."

"ನೀ ಹಾಕಿದ ನೀರಾಗ ನಾನಿದ್ದೆ" ಅಂದರು ಅಜ್ಜ. "ಬ್ಯಾಟರಿ ಕೇಳಿದ್ದು ಯಾರೂ ಇಲ್ಲದ ನೀರು."

ಕೊಟ್ರಯ್ಯ ಬಾಟಲಿ ನೋಡಿದ. ಅಜ್ಜನ ಪಾದ ನೋಡಿದ. ಮತ್ತೆ ಬಾಟಲಿ ನೋಡಿದ.

ಅಜ್ಜ ಗಾಡಿಯಿಂದ ಇಳಿದರು. ಅವನ ಹೆಗಲಿನ ಜೋಳಿಗೆ ತೆಗೆದು ತಮ್ಮ ಹೆಗಲಿಗೆ ಹಾಕಿಕೊಂಡರು. ನಾಲ್ಕು ಸಲ ತೊಳೆದಿದ್ದ ಅವನ ಬಲಗಿವಿಯನ್ನು ಹಿಡಿದು ಹತ್ತಿರಕ್ಕೆ ಎಳೆದು, ಬಾಯಿ ತಂದು ಮೆಲ್ಲಗೆ ಹೇಳಿದರು:

"ನನಗ ಬೆನ್ನು ಹಾಕಿ ಕುಂದ್ರು. ಗಾಡಿ ಹೊಡಿ."