ಕಟ್ಟೆಯ ಮೇಲಿಟ್ಟ ಸಿಗರೇಟು

ಓಬಳೇಶ ಕೇಳಿದ: "ಉಸ್ತಾದರೇ, ನಾನು ಹೊಗೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಬಾಯಲ್ಲಿ ಹಿಡಿದು ಹೊರಗೆ ಬಿಡುತ್ತೇನೆ, ಅಷ್ಟೇ. ನನ್ನ ಎದೆಗೇ ಸೋಕದ ಹೊಗೆ ಪರದೆಯ ಮುಂದೆ ಕೂತವನ ಎದೆಗೆ ಹೇಗೆ ಹೋದೀತು?"

ಗರಡಿಯ ಉಸ್ತಾದ್ ಪಾಲಯ್ಯನವರು ಮಣ್ಣು ಹದ ಮಾಡುತ್ತಿದ್ದರು. ಓಬಳೇಶ ಅವರ ಮೆಚ್ಚಿನ ಶಿಷ್ಯ. ಅವನ ಮೈಕಟ್ಟು ನೋಡಿ ಒಂದು ಸಿನಿಮಾ ಕಂಪನಿಯವರು ಕರೆದಿದ್ದರು. ಒಂದೇ ದೃಶ್ಯ. ಸಿಗರೇಟು ಹಚ್ಚಿಕೊಂಡು ನಡೆದು ಬರಬೇಕು, ನಾಯಕನನ್ನು ಒಮ್ಮೆ ದುರುಗುಟ್ಟಿ ನೋಡಬೇಕು. ಮರುದಿನ ಬೆಳಿಗ್ಗೆ ಬಸ್ಸು. ಆಶೀರ್ವಾದ ಬೇಡಲು ಬಂದವನಿಗೆ ಉಸ್ತಾದರು ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಅದಕ್ಕೇ ಅವನು ಈ ಪ್ರಶ್ನೆ ಹಾಕಿದ್ದು.

ಉಸ್ತಾದರು ಗುದ್ದಲಿ ಬದಿಗಿಟ್ಟು ಕೂತರು. ಒಂದು ಕತೆ ಹೇಳಿದರು.

ಒಬ್ಬ ಆಪರೇಟರ್ ಇದ್ದ. ಟೆಂಟ್ ಸಿನಿಮಾದಲ್ಲಿ ರೀಲು ಬಿಡುವವನು. ನಾನಾಗ ಆ ಟೆಂಟಿನ ಗೇಟಿನಲ್ಲಿದ್ದೆ. ಹದಿನೆಂಟು ಜನ ಎತ್ತುವ ನಡುಗಂಬವನ್ನು ಒಬ್ಬನೇ ಎತ್ತಿ ನಿಲ್ಲಿಸುತ್ತಿದ್ದೆ. ಕಂಡವರು ಈಗ ಯಾರೂ ಬದುಕಿಲ್ಲ. ನೀನು ನನ್ನ ಮಾತನ್ನೇ ನಂಬಬೇಕು.

ಆ ಕಾಲದ ರೀಲು ಬೆಂಕಿಗೆ ನೆಂಟ. ಒಂದು ಕಿಡಿ ಕಂಡರೆ ಓಡಿ ಹೋಗಿ ಅಪ್ಪಿಕೊಳ್ಳುತ್ತಿತ್ತು. ಆದ್ದರಿಂದ ಆಪರೇಟರ್ ತನ್ನ ಕೋಣೆಯೊಳಗೆ ಬೀಡಿ ಬಿಡುತ್ತಿರಲಿಲ್ಲ. ಊದುಬತ್ತಿಯನ್ನೂ ಬಿಡುತ್ತಿರಲಿಲ್ಲ. ದೇವರ ಪಟಕ್ಕೆ ಹೂವು ಮಾತ್ರ, ದೀಪವಿಲ್ಲ. ಒಮ್ಮೆ ಟೆಂಟಿನ ಸಾಹುಕಾರನೇ ಬೀಡಿ ಕಚ್ಚಿಕೊಂಡು ಒಳಗೆ ಬಂದ. ಆಪರೇಟರ್ ಅವನ ಕುತ್ತಿಗೆ ಹಿಡಿದು ಹೊರಗೆ ದಬ್ಬಿದ. ಮರುದಿನ ಸಾಹುಕಾರನೇ ಬಂದು ತಪ್ಪಾಯಿತು ಅಂದ. ಹೊಗೆ ಅನ್ನುವುದನ್ನು ಆಪರೇಟರ್ ಬದುಕಿನಲ್ಲಿ ತುಟಿಗೆ ಸೋಕಿಸಿದವನಲ್ಲ.

ಅವನಿಗೊಬ್ಬ ಮಗ. ಹದಿನಾರು ವರ್ಷ. ಮಗನ ಉಸಿರು ಎಂಥದೆಂದು ಹೇಳುತ್ತೇನೆ, ಕೇಳು.

ಟೆಂಟಿಗೆ ಒಂದು ಪದ್ಧತಿ ಇತ್ತು. ಸಂಜೆ ಆರಕ್ಕೆ ಕಂಬದ ಮೇಲಿನ ಹಾರನ್ನಿನಲ್ಲಿ ಗಣಪತಿಯ ಹಾಡಿನ ಗ್ರಾಮಫೋನ್ ಪ್ಲೇಟು ಹಾಕುವುದು. ದಿನವೂ ಅದೇ ಪ್ಲೇಟು. ಸುತ್ತಲಿನ ಏಳು ಹಳ್ಳಿಗೂ ಅದೇ ಗಡಿಯಾರ. ಹಾಡು ಕೇಳಿದರೆ ಹೆಂಗಸರು ಒಲೆ ಆರಿಸಿ ತಲೆ ಬಾಚಿಕೊಳ್ಳುವರು, ಗಂಡಸರು ಎತ್ತು ಬಿಚ್ಚುವರು. ಟೆಂಟಿನ ಪಕ್ಕದಲ್ಲಿ ಒಂದು ಆಳವಾದ ಬಾವಿ. ಮುಳ್ಳು ಪ್ಲೇಟಿಗೆ ತಾಗಿದ ಕೂಡಲೇ ಹುಡುಗ ಬಾವಿಗೆ ಹಾರುವನು. ಪಲ್ಲವಿ ಮುಗಿಯುವುದು, ಚರಣ ಮುಗಿಯುವುದು, ಹಾಡೇ ಮುಗಿಯುವುದು. ಆಮೇಲೆ ಅವನ ತಲೆ ಮೇಲೆ ಬರುವುದು. ಒಮ್ಮೊಮ್ಮೆ ಪ್ಲೇಟು ತಿರುಗಿಸಿ ಹಾಕಿದರೂ ಬರುತ್ತಿರಲಿಲ್ಲ. ಬಿಂದಿಗೆ ಬಿದ್ದರೆ ಅವನು, ಮೂಗುತಿ ಬಿದ್ದರೆ ಅವನು. ಏಳು ಹಳ್ಳಿಯ ಬಾವಿಗಳ ತಳ ಅವನಿಗೆ ಅಂಗೈ. ಜನ ಕಟ್ಟೆಯ ಸುತ್ತ ನಿಂತು ನೋಡುವರು. ಅವನ ಬದಲಿಗೆ ತಾವೇ ಉಸಿರು ಹಿಡಿದು ಇಬ್ಬರು ಮುದುಕಿಯರು ತಲೆ ತಿರುಗಿ ಬಿದ್ದಿದ್ದರು. ಆಪರೇಟರ್ ಮಾತ್ರ ಮೇಲಕ್ಕೆ ನೋಡುತ್ತಾ, ಇದೇನು ಮಹಾ, ನಮ್ಮ ಮನೆಯ ಗಾಳಿಯೇ ಹಾಗೆ, ಅನ್ನುವನು. ಒಳಗೊಳಗೆ ಹಿಗ್ಗುವನು.

ಹೀಗಿರುವಾಗ ಒಂದು ಸಿನಿಮಾ ಬಂತು. ಹೆಸರು ಬೇಡ. ನಾಯಕನನ್ನು ಹತ್ತು ಜನ ಅಡ್ಡಗಟ್ಟುತ್ತಾರೆ. ಅವನು ಸಿಗರೇಟು ಹಚ್ಚುತ್ತಾನೆ. ಒಂದು ದಮ್ಮು ಎಳೆಯುತ್ತಾನೆ. ಅದನ್ನು ಮೋಟುಗೋಡೆಯ ಮೇಲೆ ನೆಟ್ಟಗೆ ನಿಲ್ಲಿಸುತ್ತಾನೆ. ಹತ್ತೂ ಜನರನ್ನು ಮಲಗಿಸುತ್ತಾನೆ. ತಿರುಗಿ ಬಂದು ಸಿಗರೇಟು ಎತ್ತಿಕೊಳ್ಳುತ್ತಾನೆ. ಬೂದಿ ಇನ್ನೂ ಉದುರಿರುವುದಿಲ್ಲ.

ಹೊಡೆದಾಟಕ್ಕೆ ಯಾರೂ ಶಿಳ್ಳೆ ಹಾಕಲಿಲ್ಲ, ಓಬಳೇಶ. ಆ ಬೂದಿಗೆ ಹಾಕಿದರು. ಅವನು ಕೈ ಚಾಚಿದಾಗ ಎಂಟು ನೂರು ಜನ ಒಟ್ಟಿಗೆ ಉಸಿರು ಒಳಗೆಳೆದರು. ಟೆಂಟಿನ ಬಟ್ಟೆ ಒಳಕ್ಕೆ ಜಗ್ಗಿತು. ಬಿಟ್ಟಾಗ ಎರಡು ಗೂಟ ಕಿತ್ತು ಬಂದವು. ಮತ್ತೆ ಹೊಡೆದವನು ನಾನೇ.

ಒಂದು ವಾರದಲ್ಲಿ ಊರಿನ ಮೋಟುಗೋಡೆಗಳ ಮೇಲೆಲ್ಲ ಕರಿ ಚುಕ್ಕೆಗಳು ಕಂಡವು. ಹುಡುಗರಿಗೆ ಅದೊಂದು ಆಟವಾಯಿತು. ಹಚ್ಚಬೇಕು, ಗೋಡೆಯ ಮೇಲೆ ನಿಲ್ಲಿಸಬೇಕು, ಕುಸ್ತಿಗೆ ಬೀಳಬೇಕು. ಬೂದಿ ಉದುರುವ ಮೊದಲು ಎದುರಾಳಿಯನ್ನು ಚಿತ್ ಮಾಡಿ ಎತ್ತಿಕೊಳ್ಳಬೇಕು. ಅಪ್ಪಂದಿರು ಸೇದುತ್ತಿದ್ದುದು ಬೀಡಿ. ಬೀಡಿಯ ತುದಿ ಚೂಪು, ಅದು ನಿಲ್ಲುವುದಿಲ್ಲ. ಹಾಗಾಗಿ ಹುಡುಗರು ಸಿಗರೇಟು ಹುಡುಕಿದರು. ಇದು ಸೇದುವುದಲ್ಲ, ಆಟ, ಅನ್ನುವರು. ಆದರೆ ಆಡಬೇಕಾದರೆ ಹಚ್ಚಬೇಕು. ಹಚ್ಚಬೇಕಾದರೆ ಒಮ್ಮೆ ಎಳೆಯಲೇಬೇಕು.

ಇಲ್ಲಿ ಓಬಳೇಶ ನಡುವೆ ಬಾಯಿ ಹಾಕಿದ. ಅಷ್ಟು ಹುಡುಗರಲ್ಲಿ ಒಬ್ಬನಿಗೂ ಬುದ್ಧಿ ಇರಲಿಲ್ಲವೇ ಎಂದು ಕೇಳಿದ.

"ಇತ್ತಪ್ಪ. ಚಪ್ಪಲಿಯ ಜೊತೆಗೆ ಹೊರಗೆ ಬಿಟ್ಟಿದ್ದರು. ಇಲ್ಲದಿದ್ದರೆ ಬಟ್ಟೆಯ ಮೇಲಿನ ನೆರಳು ಸತ್ತರೆ ಯಾರಾದರೂ ಅಳುತ್ತಾರೆಯೇ? ನೀನು ಅತ್ತಿಲ್ಲವೇ?"

ಓಬಳೇಶ ಅತ್ತಿದ್ದ. ತಲೆ ತಗ್ಗಿಸಿದ. ಉಸ್ತಾದರು ಮುಂದುವರಿಸಿದರು.

ಸಿನಿಮಾ ಓಡುತ್ತಲೇ ಇತ್ತು. ಇಪ್ಪತ್ತನೆಯ ದಿನವೋ ಏನೋ, ಹುಡುಗನ ತಲೆ ಹಾಡು ಮುಗಿಯುವ ಮೊದಲೇ ನೀರಿನ ಮೇಲೆ ಬಂತು. ಆಪರೇಟರ್ ಮಗನನ್ನು ಅನುಮಾನಿಸಲಿಲ್ಲ. ಪ್ಲೇಟನ್ನು ಅನುಮಾನಿಸಿದ. ಮಷೀನು ನಿಧಾನ ತಿರುಗುತ್ತಿದೆ ಎಂದುಕೊಂಡು ವೇಗದ ತಿರುಪು ಅರ್ಧ ಸುತ್ತು ಬಿಗಿ ಮಾಡಿದ. ಹುಡುಗ ಮತ್ತೆ ಹಾಡಿಗೆ ಸರಿಯಾಗಿ ಬಂದ. ಆಪರೇಟರಿಗೆ ಸಮಾಧಾನವಾಯಿತು. ನಾಲ್ಕು ದಿನಕ್ಕೆ ಮತ್ತೆ ಮೊದಲೇ ಬಂದ. ಆಪರೇಟರ್ ಮತ್ತೆ ತಿರುಪಿದ. ಹೀಗೆ ತಿರುಪುತ್ತಾ ತಿರುಪುತ್ತಾ ಗಣಪತಿಯ ಹಾಡು ಗಿಳಿ ಕೂಗಿದ ಹಾಗೆ ಕೇಳತೊಡಗಿತು. ಹಳ್ಳಿಯ ಹೆಂಗಸರು ತಲೆ ಬಾಚುವ ಮೊದಲೇ ಹಾಡು ಮುಗಿದು, ಕೆದರಿದ ಕೂದಲಲ್ಲೇ ಓಡಿ ಬಂದರು. ನಿನ್ನ ಗಣಪತಿಗೆ ಯಾವ ಬಸ್ಸು ತಪ್ಪುತ್ತದಯ್ಯಾ ಎಂದು ಆಪರೇಟರನ್ನು ಹಂಗಿಸಿದರು. ಅವನಿಗೆ ಕೇಳಿಸಲಿಲ್ಲ. ಮಗನ ಉಸಿರು ಗಟ್ಟಿಯಾಗಿದೆ ಎಂದು ತೋರಿಸಲು ಇಡೀ ಊರಿನ ಹೊತ್ತನ್ನೇ ಕೆಡಿಸಿದ್ದ.

ನಲವತ್ತನೆಯ ದಿನ. ಸಂಜೆ ಆರು. ಪ್ಲೇಟು ಶುರುವಾಗಿತ್ತು. ಟೆಂಟಿನ ಮುಂದೆ ಕಡಲೆಕಾಯಿ ಮಾರುವವಳಿಗೆ ಒಂದು ಹೆಣ್ಣುಮಗು, ನಾಲ್ಕು ವರ್ಷದ್ದು. ಮಗು ಬಾವಿಯ ಮೆಟ್ಟಿಲಿಗೆ ಇಳಿದು ಜಾರಿತು. ತಾಯಿ ಕಂಡಳು. ಅವಳ ಗಂಟಲಿನಿಂದ ದನಿಯೇ ಬರಲಿಲ್ಲ. ಕೈಯಿಂದ ಬಾವಿಯನ್ನು ತೋರಿಸುತ್ತಾ ಓಡಿದಳು.

ಆ ದಿನ ಹುಡುಗ ಇನ್ನೂ ಬಾವಿಗೆ ಬಂದಿರಲಿಲ್ಲ, ಟೆಂಟಿನ ಹಿಂದಿದ್ದ. ಅವಳನ್ನು ನೋಡಿದ ಕೂಡಲೇ ಓಡಿ ಬಂದ. ಜನ ದಾರಿ ಬಿಟ್ಟರು. ಇನ್ನು ಭಯವಿಲ್ಲ ಅಂದರು. ಅವನ ಕೈಯಲ್ಲಿ ಸಿಗರೇಟು ಇತ್ತು. ಈಗ ಹೇಳುವುದನ್ನು ಸರಿಯಾಗಿ ಕೇಳು. ಅಂಥ ಹೊತ್ತಿನಲ್ಲೂ ಅವನು ಅದನ್ನು ಬಿಸಾಡಲಿಲ್ಲ. ಒಂದು ದಮ್ಮು ಎಳೆದ. ಬಾವಿಯ ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿದ. ಆಮೇಲೆ ಹಾರಿದ. ಅವನು ಬೇಕೆಂದು ಮಾಡಲಿಲ್ಲ. ಕೈ ತಾನೇ ಮಾಡಿತು.

ಪಲ್ಲವಿ ಮುಗಿಯಲಿಲ್ಲ. ಅವನು ಮೇಲೆ ಬಂದ. ಕೈ ಬರಿದು. ಕೆಮ್ಮಿದ. ಮತ್ತೆ ಮುಳುಗಿದ. ಇನ್ನೂ ಬೇಗ ಬಂದ. ಕೈ ಬರಿದು. ಮಗು ಕಾಣುತ್ತಿದೆ, ಮುಟ್ಟಲು ಆಗುತ್ತಿಲ್ಲ ಅಂದ. ಮೂರನೆಯ ಸಲ ಮುಳುಗಲು ಹೋದ, ಆಗಲಿಲ್ಲ. ಮೆಟ್ಟಿಲು ಹಿಡಿದು ನಿಂತ.

ಕಟ್ಟೆಯ ಮೇಲೆ ಸಿಗರೇಟು ಉರಿಯುತ್ತಿತ್ತು. ಬೂದಿ ಉದುರಿರಲಿಲ್ಲ.

ನಾನು ಕಟ್ಟೆಯ ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಹೇಳುತ್ತೇನೆ, ಈ ಗರಡಿಯ ಬಾಗಿಲು ದಾಟಬಾರದು. ನಡುಗಂಬ ಎತ್ತುವ ಪಾಲಯ್ಯನಿಗೆ ಈಜು ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ.

ಆಗ ಆಪರೇಟರ್ ಬಂದ. ಐವತ್ತು ವರ್ಷ, ಮುಂದೆ ಹೊಟ್ಟೆ. ಮದುವೆಯಾದ ಮೇಲೆ ಬಾವಿಗೆ ಇಳಿದವನಲ್ಲ. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟ. ಹಾರಿದ.

ಹಾಡು ಚರಣಕ್ಕೆ ಬಂತು. ಮುಗಿಯಿತು. ಪ್ಲೇಟಿನ ಕೊನೆಯಲ್ಲಿ ಮುಳ್ಳು ಕರಕರ ಕೆರೆಯತೊಡಗಿತು. ತೆಗೆಯುವವರು ಯಾರೂ ಇರಲಿಲ್ಲ. ಏಳು ಹಳ್ಳಿಗೂ ಆ ಕರಕರ ಕೇಳಿಸಿತು. ಹೊಲದಲ್ಲಿದ್ದವರು ನಿಂತಲ್ಲೇ ನಿಂತರಂತೆ. ಹಕ್ಕಿಗಳೂ ಸದ್ದು ನಿಲ್ಲಿಸಿದವು. ನೀರು ಅಲುಗಲಿಲ್ಲ. ನಾನು ಬದುಕಿನಲ್ಲಿ ಬಹಳ ನೋಡಿದ್ದೇನೆ, ಹೇಳಿದ್ದು ಅದಕ್ಕಿಂತ ಜಾಸ್ತಿ. ಆದರೆ ಇದಕ್ಕೆ ನಾನು ಏನನ್ನೂ ಸೇರಿಸುವುದಿಲ್ಲ. ನೀರಿನೊಳಗಿಂದ ಮೊದಲು ಮಗು ಬಂತು. ಆಮೇಲೆ ಮಗುವನ್ನು ಎತ್ತಿ ಹಿಡಿದ ಎರಡು ಕೈ. ಬಹಳ ಹೊತ್ತಿನ ಮೇಲೆ, ತಲೆ.

ಮಗುವನ್ನು ಬೋರಲು ಹಾಕಿ ಬೆನ್ನು ಒತ್ತಿದರು. ನೀರು ಕಕ್ಕಿತು. ಅತ್ತಿತು. ಆಗ ತಾಯಿಗೂ ದನಿ ಬಂತು.

ಆಪರೇಟರ್ ಮೆಟ್ಟಿಲ ಮೇಲೆ ಕೂತ. ಕಟ್ಟೆಯ ಮೇಲಿನ ಸಿಗರೇಟು ಕಂಡ. ಮಗನನ್ನು ಹೊಡೆಯಲಿಲ್ಲ. ಮೆಲ್ಲಗೆ ಕೇಳಿದ: "ಇದನ್ನು ನಿನಗೆ ಯಾರು ಕೊಟ್ಟರೋ?"

ಹುಡುಗ ಅಪ್ಪನ ಕಡೆ ತಿರುಗಿದ. "ನೀನೇ ಅಪ್ಪ," ಅಂದ. "ದಿನಕ್ಕೆ ಎರಡು ಆಟ. ನಲವತ್ತು ದಿನ."

ಬೆಂಕಿಯ ಕಿಡಿಗೆ ಹೆದರಿ ದೇವರಿಗೂ ದೀಪ ಹಚ್ಚದ ಮನುಷ್ಯ ಎದ್ದು ಹೋಗಿ ವೇಗದ ತಿರುಪನ್ನು ಮೊದಲಿದ್ದಲ್ಲಿಗೆ ತಂದಿಟ್ಟ.

ಮರುದಿನ ಬೆಳಿಗ್ಗೆ ರೀಲು ಹೊರಗೆ ತಂದ. ಬಿಸಿಲಿಗೆ ಹಿಡಿದು ಒಂದೊಂದೇ ಚಿತ್ರ ನೋಡಿದ. ನನ್ನನ್ನೂ ಮಗನನ್ನೂ ಕರೆದು ತೋರಿಸಿದ. ನಾಯಕ ಗೋಡೆಯ ಮೇಲೆ ಇಟ್ಟ ಸಿಗರೇಟು ಗಿಡ್ಡ. ತಿರುಗಿ ಬಂದು ಎತ್ತಿಕೊಂಡದ್ದು ಉದ್ದ. ಆ ಹೊಡೆದಾಟ ಎಷ್ಟು ದಿನ ನಡೆದಿತ್ತೋ, ಅದೆಷ್ಟನೆಯ ಸಿಗರೇಟೋ. ಹುಡುಗ ನೋಡಿದ. ಸುಳ್ಳು ಎಂದು ಗೊತ್ತಾಯಿತು ಅಂದ. ಅನ್ನುವಾಗ ಅವನ ಎರಡು ಬೆರಳು ನಡುವೆ ಸಿಗರೇಟಿನಷ್ಟು ಜಾಗ ಬಿಟ್ಟುಕೊಂಡೇ ಇದ್ದವು.

ಆಪರೇಟರ್ ಕತ್ತರಿ ತೆಗೆದುಕೊಂಡ. ಸಿಗರೇಟು ಇದ್ದ ತುಂಡನ್ನೆಲ್ಲ ಕತ್ತರಿಸಿದ. ಐದು ಮಾರು ಬಂತು. ಉಳಿದದ್ದನ್ನು ಅಂಟಿಸಿದ. ಆ ಸಂಜೆಯ ಆಟದಲ್ಲಿ ನಾಯಕ ಬಂದ, ಸಿಗರೇಟು ಹಚ್ಚಲಿಲ್ಲ, ನೇರ ಹೊಡೆದಾಟಕ್ಕೆ ಇಳಿದ. ನಾನೂ ಆಪರೇಟರೂ ಕಿಂಡಿಯಿಂದ ಜನರನ್ನು ನೋಡುತ್ತಿದ್ದೆವು.

ಮುಂದೆ ಮರಳಿನ ಮೇಲೆ ನೂರು ಹುಡುಗರು ಕೂತಿದ್ದರು. ಆ ಜಾಗ ಬಂದಾಗ ನೂರು ಕೈ ಒಟ್ಟಿಗೆ ಎದ್ದವು. ಎರಡು ಬೆರಳು ತುಟಿಗೆ ಹೋದವು. ಪರದೆಯಲ್ಲಿ ಇಲ್ಲದ ಸಿಗರೇಟನ್ನು ನೂರು ಬಾಯಿಗಳು ಸೇದಿದವು. ಆಮೇಲೆ ಕೈಗಳು ಮುಂದೆ ಚಾಚಿ, ಇಲ್ಲದ ಗೋಡೆಯ ಮೇಲೆ ನೆಟ್ಟಗೆ ನಿಲ್ಲಿಸಿ ಬಂದವು. ಒಬ್ಬನೂ ಇನ್ನೊಬ್ಬನನ್ನು ನೋಡಲಿಲ್ಲ. ದೇವಸ್ಥಾನದಲ್ಲಿ ಮಂಗಳಾರತಿಗೆ ಕೈ ಏಳುವ ಹಾಗೆ ಎದ್ದವು, ಇಳಿದವು. ಆಪರೇಟರ್ ಕೈಯಲ್ಲಿದ್ದ ಐದು ಮಾರು ರೀಲನ್ನು ನೋಡಿಕೊಂಡ. ಇದನ್ನು ಎಲ್ಲಿಂದ ಕತ್ತರಿಸಲಿ ಪಾಲಯ್ಯ ಎಂದು ನನ್ನನ್ನು ಕೇಳಿದ.

ಆ ಹುಡುಗ ಸಿಗರೇಟು ಬಿಟ್ಟ. ಸುಲಭವಾಗಿ ಬಿಡಲಿಲ್ಲ, ಬಿಡುವುದರೊಳಗೆ ಮೀಸೆ ನೆರೆಯುತ್ತಿತ್ತು. ಆಮೇಲೂ ಎಷ್ಟೋ ಸಂಜೆ ಬಾವಿಗೆ ಇಳಿದ. ಚರಣದವರೆಗೆ ಬಂದ. ಪ್ಲೇಟು ಮುಗಿಯುವವರೆಗೆ ಮತ್ತೆಂದೂ ನಿಲ್ಲಲಿಲ್ಲ.

ಉಸ್ತಾದರು ಕತೆ ಮುಗಿಸಿ ಗುದ್ದಲಿ ಎತ್ತಿಕೊಂಡರು.

ಓಬಳೇಶ ಕೊನೆಯ ಪಟ್ಟು ಹಾಕಿದ. ಆ ನಾಯಕ ಗೋಡೆಯ ಮೇಲಿಟ್ಟು ಆಟ ಕಟ್ಟಿದ, ತನ್ನದು ಹಾಗಲ್ಲ, ಒಂದೇ ದೃಶ್ಯ, ಒಂದೇ ದಮ್ಮು ಅಂದ. "ಕೆಲಸ ಮುಗಿದ ಮರುಗಳಿಗೆ ಕಾಲಡಿ ಹಾಕಿ ಹೊಸಕಿಬಿಡುತ್ತೇನೆ, ಉಸ್ತಾದರೇ."

ಉಸ್ತಾದರು ಮಣ್ಣಿನಿಂದ ಕಣ್ಣೆತ್ತದೆ ಹೇಳಿದರು: "ಆ ನಾಯಕನೂ ತನ್ನದನ್ನು ಅಲ್ಲೇ ಹೊಸಕಿ ಹೋಗಿದ್ದ ಮಗನೇ, ಬಾವಿಕಟ್ಟೆಯ ಮೇಲೆ ಅದು ಉರಿಯುತ್ತಿತ್ತು."