ಮುರಿಯದೆ ಇಟ್ಟ ಪ್ರೊಪೆಲ್ಲರ್

"ಬುದ್ಧಿ, ಕೆಟ್ಟದ್ದನ್ನು ಬಿಟ್ಟುಬಿಟ್ಟರೆ ಸಾಲದೇ?"

ಶಾಂತಮಲ್ಲ ಈ ಪ್ರಶ್ನೆಯನ್ನು ಮೂರು ದಿನದಿಂದ ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದ. ಭಾನುವಾರ ಅವನಿಗೆ ದೀಕ್ಷೆ. ಅಂದು ಶುಕ್ರವಾರ. ಗುರುಗಳು ಮಠದ ಜಗಲಿಯಲ್ಲಿ ಕುಳಿತು ಹರಿದ ಚಾಪೆಯ ಅಂಚನ್ನು ಹೆಣೆಯುತ್ತಿದ್ದರು. ಅವರು ತಲೆ ಎತ್ತಲಿಲ್ಲ.

"ಏನು ಬಿಟ್ಟೆ?"

"ಒಂದು ಮಾತು, ಬುದ್ಧಿ. ಇಲ್ಲಿಗೆ ಬರುವ ಮೊದಲು ಒಬ್ಬರ ಮೇಲೆ ಒಂದು ಮಾತು ಆಡಿದ್ದೆ. ಅದು ನಿಜವಲ್ಲ. ಆಡಿದ್ದು ಒಂದೇ ಸಲ. ಆಮೇಲೆ ಆರು ವರ್ಷವಾಯಿತು, ಮತ್ತೆ ಅದನ್ನು ಬಾಯಿಗೆ ತಂದಿಲ್ಲ. ಬೇರೆಯವರು ಆ ಮಾತು ತೆಗೆದರೂ ಎದ್ದು ಹೋಗುತ್ತೇನೆ."

ಆರು ವರ್ಷ ಎನ್ನುವಾಗ ಅವನ ದನಿ ಕೊಂಚ ಏರಿತು.

ಅವನು ಹೇಳದೆ ಉಳಿಸಿಕೊಂಡದ್ದು ಇಷ್ಟು. ಹಿಂದೆ ಅವನು ಒಂದು ವಿದ್ಯಾರ್ಥಿನಿಲಯದ ಉಗ್ರಾಣ ನೋಡಿಕೊಳ್ಳುತ್ತಿದ್ದ. ಒಂದು ದಿನ ಬೀಗ ಹಾಕಲು ಮರೆತ. ಎರಡು ಮೂಟೆ ಅಕ್ಕಿ ಹೋಯಿತು. ಕೇಳಿದಾಗ, ಅಡುಗೆಯ ಚೆನ್ನಾಜಮ್ಮ ಒಯ್ಯುವುದನ್ನು ಕಣ್ಣಾರೆ ಕಂಡೆ ಎಂದುಬಿಟ್ಟ. ಅವಳ ಕೆಲಸ ಹೋಯಿತು. ಮೊನ್ನೆ ಆ ಊರಿನ ಭಕ್ತರೊಬ್ಬರು ಪ್ರಸಾದಕ್ಕೆ ಕುಳಿತಿದ್ದಾಗ ಮಾತಿಗೆ ಮಾತು ಬಂದು ಹೇಳಿದರು: ಚೆನ್ನಾಜಮ್ಮನ ಮಗಳನ್ನು ನೋಡಲು ಸೋಮವಾರ ಗಂಡಿನ ಕಡೆಯವರು ಬರುತ್ತಾರೆ, ಹಿಂದೆ ಎರಡು ಸಂಬಂಧ ಅಕ್ಕಿಯ ಮಾತು ಕಿವಿಗೆ ಬಿದ್ದು ತಪ್ಪಿಹೋದವು, ಇದಾದರೂ ಕೂಡಿಬಂದರೆ ಸಾಕು. ಶಾಂತಮಲ್ಲ ಬಡಿಸುವ ಸೌಟನ್ನು ಹಿಡಿದುಕೊಂಡು ಹಾಗೆಯೇ ನಿಂತಿದ್ದ.

ಈಗ ಅವನಿಗೆ ಬೇಕಾಗಿದ್ದುದು ಗುರುಗಳ ಬಾಯಿಂದ ಒಂದೇ ಮಾತು. ಸಾಲುತ್ತದೆ ಎಂದರೆ ಸಾಕು. ನೆಮ್ಮದಿಯಿಂದ ದೀಕ್ಷೆಗೆ ಕೂರಬಹುದು.

"ಆಟದ ವಿಮಾನ ನೋಡಿದ್ದೀಯಾ?" ಎಂದು ಗುರುಗಳು ಕೇಳಿದರು.

"ಕಾಲೇಜಿನ ಮೈದಾನದಲ್ಲಿ ನೋಡಿದ್ದೇನೆ, ಬುದ್ಧಿ. ಗಾತ್ರ ಹದ್ದಿನಷ್ಟು, ಕೂಗು ಮಾತ್ರ ಊರಿಗೆಲ್ಲ ಕೇಳಿಸುತ್ತಿತ್ತು."

"ಹಾಗಾದರೆ ಕೇಳು" ಎಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕೆತ್ತನೆಯವನಿದ್ದ. ಆಟದ ವಿಮಾನಗಳ ಸಣ್ಣ ಎಂಜಿನ್ನುಗಳಿಗೆ ಮರದ ಪ್ರೊಪೆಲ್ಲರ್ ಕೆತ್ತುವುದು ಅವನ ಕೆಲಸ. ಹೆಸರಿಗೆ ಆಟದ್ದು. ಎಂಜಿನ್ನು ಮುಷ್ಟಿಯಷ್ಟಿದ್ದರೂ ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ತಿರುಗುತ್ತದೆ. ತಿರುಗುವಾಗ ಅಲಗು ಕಣ್ಣಿಗೆ ಕಾಣುವುದಿಲ್ಲ.

ಯಾವ ಎಂಜಿನ್ನಿಗೆ ಯಾವ ಪ್ರೊಪೆಲ್ಲರ್ ಎಂದು ಆರಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ದೂರದೂರದಿಂದ ಜನ ಎಂಜಿನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಅವನು ಬಟ್ಟೆ ಬಿಚ್ಚಿಸುತ್ತಲೇ ಇರಲಿಲ್ಲ. "ಎತ್ತನ್ನು ಆಮೇಲೆ ನೋಡೋಣ. ಗಾಡಿ ಎಂಥದು, ಅದನ್ನು ಹೇಳು" ಎನ್ನುತ್ತಿದ್ದ.

ಒಮ್ಮೆ ಒಬ್ಬ ದರ್ಜಿ ಬಂದ. ತನ್ನ ಎಂಜಿನ್ನಿಗೆ ಇದ್ದುದರಲ್ಲಿ ಅತಿ ವೇಗದ್ದು ಕೊಡಿ ಎಂದ.

"ವಿಮಾನದ ತೂಕ ಎಷ್ಟು?" ಎಂದು ಕೆತ್ತನೆಯವನು ಕೇಳಿದ.

"ಹೆಚ್ಚಿಲ್ಲ ಅಣ್ಣಾ, ಎರಡು ಸೇರು ಇರಬಹುದು."

"ಗಿರಾಕಿ ಬಂದು ಎದೆ ಮೂವತ್ತೆರಡು ಇರಬಹುದು ಎಂದರೆ ಅಂಗಿ ಕತ್ತರಿಸುತ್ತೀಯಾ?"

ದರ್ಜಿ ನಕ್ಕ. "ಇಲ್ಲ. ಗಿರಾಕಿಯ ಬಾಯಿಯನ್ನು ನಂಬಿದರೆ ಅಂಗಿ ನನಗೇ ಉಳಿಯುತ್ತದೆ."

"ಹಾಗಾದರೆ ಹೋಗಿ ತೂಗಿಕೊಂಡು ಬಾ."

ದರ್ಜಿ ತೂಗಿಕೊಂಡು ಬಂದ. ವಿಮಾನ ಮೂರು ಸೇರು ದಾಟಿತ್ತು. ಕೆತ್ತನೆಯವನು ಸ್ವಲ್ಪ ಯೋಚಿಸಿ, "ನಿನಗೆ ಹತ್ತು-ಆರು ಸರಿ. ಈಗ ಕೈಯಲ್ಲಿಲ್ಲ. ಮರ ತರಬೇಕು. ಎಂಟು ದಿನ ಬಿಟ್ಟು ಬಾ" ಎಂದ.

ಪ್ರೊಪೆಲ್ಲರನ್ನು ಎರಡು ಅಂಕಿಗಳಿಂದ ಕರೆಯುವುದು ಅವರ ರೂಢಿ. ಮೊದಲನೆಯದು ತುದಿಯಿಂದ ತುದಿಗೆ ಅದರ ಉದ್ದ, ಇಂಚಿನಲ್ಲಿ. ತಿರುಪುಮೊಳೆ ಮರದೊಳಗೆ ಹೋಗುವ ಹಾಗೆ ಅದು ಒಂದು ಸುತ್ತಿಗೆ ಗಾಳಿಯಲ್ಲಿ ಎಷ್ಟು ಇಂಚು ಮುಂದೆ ಹೋಗುತ್ತದೆ ಎಂಬುದು ಎರಡನೆಯದು.

ಕೆತ್ತನೆಯವನ ಹತ್ತಿರ ಹತ್ತು-ಆರು ಇರಲಿಲ್ಲವೆಂದಲ್ಲ. ಒಂದಿತ್ತು. ಅದು ಗೋಡೆಯ ಮೇಲೆ ಮೊಳೆಗೆ ತೂಗುತ್ತಿತ್ತು.

ಅದನ್ನು ಅವನು ಎರಡು ವರ್ಷದ ಹಿಂದೆ ತನ್ನ ಸ್ವಂತ ವಿಮಾನಕ್ಕೆಂದು ಕೆತ್ತಿದ್ದ. ಅದಕ್ಕೂ ಮೊದಲು ಬೇರೆ ಹತ್ತು ಪ್ರೊಪೆಲ್ಲರ್ ಕೆತ್ತಿ ಬದಿಗಿಟ್ಟಿದ್ದ. ಒಂದನ್ನು ಹಾಕಿದರೆ ಎಂಜಿನ್ನು ಹೊರೆಯಿಲ್ಲದೆ ಹುಚ್ಚೆದ್ದು ಓಡಿತು. ಇನ್ನೊಂದಕ್ಕೆ ಏದುಸಿರು ಬಿಟ್ಟು ಕಾದು ನಿಂತಿತು. ಹನ್ನೊಂದನೆಯದನ್ನು ಹಾಕಿದಾಗ ಎಂಜಿನ್ನಿನ ದನಿ ಕೇಳಿಯೇ ಅವನಿಗೆ ಗೊತ್ತಾಯಿತು. ಅದು ದುಡಿಯುತ್ತಿತ್ತು, ದಣಿಯುತ್ತಿರಲಿಲ್ಲ. ನಡುವಿನ ತೂತಿಗೆ ಸೂಜಿ ತೂರಿಸಿ ಹಿಡಿದರೆ ಎರಡು ಅಲಗೂ ತಕ್ಕಡಿಯಂತೆ ನಿಲ್ಲುತ್ತಿದ್ದವು. ತುದಿಗಳಿಗೆ ಬಿಳಿ ಬಣ್ಣ ಹಚ್ಚಿದ. ಬಿಳಿಯ ಕೆಳಗೆ ನೂಲಿನಷ್ಟು ತೆಳುವಾಗಿ ಒಂದು ಕೆಂಪು ಗೆರೆ ಎಳೆದ. ಬೇರೆ ಯಾವುದಕ್ಕೂ ಅವನು ಹಾಗೆ ಗೆರೆ ಎಳೆದವನಲ್ಲ.

ಮೂರನೆಯ ಹಾರಾಟದಲ್ಲಿ ಇಳಿಯುವಾಗ ಅದರ ಅಲಗು ಕಲ್ಲಿಗೆ ತಾಕಿತು. ಕೆತ್ತನೆಯವನು ಅದನ್ನು ಬಿಚ್ಚಿ ಬಿಸಿಲಿಗೆ ಹಿಡಿದು ಮೆಲ್ಲನೆ ಬಗ್ಗಿಸಿದ. ನಡುವಿನ ತೂತಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿ ತೆರೆಯಿತು. ಬಿಟ್ಟ. ಮುಚ್ಚಿಕೊಂಡಿತು.

ಬಿರುಕು ಬಿಟ್ಟದ್ದನ್ನು ಎರಡು ತುಂಡು ಮಾಡಿಯೇ ಎಸೆಯಬೇಕು. ಹಾಗೆಯೇ ಬಿಟ್ಟರೆ ಯಾರೋ ಎತ್ತಿಕೊಳ್ಳುತ್ತಾರೆ, ಅವರಿಗೆ ಬಿರುಕು ಕಾಣುವುದಿಲ್ಲ. ಆ ಊರಿನ ಮೈದಾನದಲ್ಲಿ ಈ ನಿಯಮವನ್ನು ತಂದವನು ಅವನೇ. ಹೊಸಬರ ಪೆಟ್ಟಿಗೆ ತೆಗೆಸಿ ಒಂದೊಂದನ್ನೂ ಬಗ್ಗಿಸಿ ನೋಡುತ್ತಿದ್ದ. ಬಿರುಕಿದ್ದರೆ ಎಲ್ಲರೆದುರಿಗೆ ಮಂಡಿಗೆ ಕೊಟ್ಟು ಮುರಿಯುತ್ತಿದ್ದ. ಒಡೆಯ ಗೊಣಗಿದರೆ, "ಮರ ಚಿಗುರುತ್ತದೆಯಪ್ಪಾ, ಬೆರಳು ಚಿಗುರುವುದಿಲ್ಲ" ಎನ್ನುತ್ತಿದ್ದ.

ಅಂದು ಅವನು ಹತ್ತು-ಆರನ್ನು ಮಂಡಿಗೆ ಕೊಟ್ಟ. ಎರಡು ಕೈಯಿಂದ ಹಿಡಿದ. ಒತ್ತಲಾಗಲಿಲ್ಲ. ಸುತ್ತ ನೋಡಿದ. ಯಾರೂ ಇರಲಿಲ್ಲ. ಮನೆಗೆ ತಂದು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ನಾನಂತೂ ಇದನ್ನು ಬಳಸುವುದಿಲ್ಲ, ಬಳಸದಿದ್ದ ಮೇಲೆ ಯಾರಿಗೇನು ಕೇಡು ಎಂದುಕೊಂಡ. ಆ ಮಾತಿಗೆ ತಪ್ಪಲಿಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ಅದನ್ನು ಎಂಜಿನ್ನಿಗೆ ಹಾಕಲಿಲ್ಲ.

ದರ್ಜಿಗೆ ಹೇಳಿದ ಎಂಟು ದಿನ ಕಳೆಯಿತು, ಮರ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಮೈದಾನದಲ್ಲಿ ಪಂದ್ಯ ನಿಗದಿಯಾಗಿತ್ತು. ಕೆತ್ತನೆಯವನು ಪಂದ್ಯದ ಹಿಂದಿನ ದಿನ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಮರ ತರಲು ಪೇಟೆಗೆ ಹೋದವನು ಅಲ್ಲಿಯೇ ಉಳಿಯಬೇಕಾಯಿತು. ಪಂದ್ಯದ ಬೆಳಗ್ಗೆ ಬಸ್ಸಿಳಿದು, ಮರದ ಕಟ್ಟನ್ನು ಹೆಗಲಿಗೆ ಹಾಕಿಕೊಂಡು, ಮನೆಗೆ ಹೋಗದೆ ನೇರ ಮೈದಾನಕ್ಕೆ ಬಂದ.

ಮೂವತ್ತು ಹೆಜ್ಜೆ ದೂರದಲ್ಲಿ ದರ್ಜಿಯ ಎಂಜಿನ್ನು ಆಗಲೇ ಓಡುತ್ತಿತ್ತು. ದರ್ಜಿ ವಿಮಾನದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಎಣ್ಣೆಯ ತಿರುಪನ್ನು ಹೊಂದಿಸುತ್ತಿದ್ದ. ಅವನ ಬಲಗೈ ಅಲಗು ಸುತ್ತುವ ಜಾಗದಿಂದ ನಾಲ್ಕು ಬೆರಳು ದೂರದಲ್ಲಿತ್ತು. ಕೆತ್ತನೆಯವನು ದನಿಗೆ ಕಿವಿಗೊಟ್ಟ. ಎಂಜಿನ್ನು ದುಡಿಯುತ್ತಿತ್ತು, ದಣಿಯುತ್ತಿರಲಿಲ್ಲ. ಯಾರು ಇಷ್ಟು ಚೆನ್ನಾಗಿ ಆರಿಸಿ ಕೊಟ್ಟರು ಎಂದುಕೊಂಡು ನೋಡಿದ. ತಿರುಗುವ ಅಲಗಿನ ಸುತ್ತ ಒಂದು ಬಿಳಿ ಬಳೆ. ಬಿಳಿಯೊಳಗೆ ನೂಲಿನಷ್ಟು ತೆಳುವಾಗಿ ಒಂದು ಕೆಂಪು ಬಳೆ.

ಅವನ ಹೆಗಲಿನಿಂದ ಮರದ ಕಟ್ಟು ಜಾರಿತು.

ಆಗ ಅವನು ಮಾಡಬೇಕಾದದ್ದು ಒಂದೇ. ನಿಲ್ಲಿಸು ಎಂದು ಕೂಗುತ್ತಾ ಓಡಬೇಕು. ಅವನಿಗೆ ಅದು ಗೊತ್ತಿತ್ತು. ಆದರೆ ಸುತ್ತ ನಿಂತವರೆಲ್ಲ ಅವನಿಂದ ನಿಯಮ ಕಲಿತವರು. ಅವನು ಮಂಡಿಗೆ ಕೊಟ್ಟು ಮುರಿದದ್ದನ್ನು ನೋಡಿ ತಮ್ಮವನ್ನೂ ಮುರಿದುಕೊಂಡವರು. ಏಕೆ ನಿಲ್ಲಿಸಬೇಕು ಎಂದು ಅವರು ಕೇಳುತ್ತಾರೆ. ಹೇಳಬೇಕಾಗುತ್ತದೆ. ಇಷ್ಟು ಹೊತ್ತು ತಡೆದಿದೆಯಲ್ಲ, ಇನ್ನೊಂದು ಗಳಿಗೆ ತಡೆದೀತು ಎಂದು ಅವನ ಮನಸ್ಸು ಹೇಳಿತು. ಒಂದು ಸುತ್ತು ಹಾರಿ ಬರಲಿ. ಇಳಿದ ಮೇಲೆ ಏನೋ ನೆಪ ಹೇಳಿ ಇಸಿದುಕೊಂಡು, ಮನೆಗೆ ಒಯ್ದು ಮುರಿದರಾಯಿತು.

ಅವನು ಹಾಗೆ ನಿಂತದ್ದು ಎರಡು ಉಸಿರಿನಷ್ಟು ಹೊತ್ತು.

ಮೂರನೆಯ ಉಸಿರಿಗೆ ಓಡಿದ. ಕೈ ಬೀಸುತ್ತಾ, ಕೂಗುತ್ತಾ ಓಡಿದ. ಎಂಜಿನ್ನಿನ ಸದ್ದಿನಲ್ಲಿ ಕೂಗು ಕೇಳಿಸುವಂತಿರಲಿಲ್ಲ. ದರ್ಜಿ ತಲೆ ಎತ್ತಿದ. ಹಿರಿಯ ತನ್ನ ಕಡೆಗೆ ಓಡಿ ಬರುವುದನ್ನು ಕಂಡು ಅವನ ಮುಖ ಅರಳಿತು.

"ನಿಮ್ಮದೇ ಅಣ್ಣಾ! ನೀವು ಊರಲ್ಲಿರಲಿಲ್ಲ, ನಿಮ್ಮ ಮನೆಯಲ್ಲಿ ಅಕ್ಕ ಕೊಟ್ಟರು. ಹೇಗೆ ಓಡುತ್ತದೆ ನೋಡಿ."

ಹಿರಿಯನಿಗೆ ಕೇಳಿಸಲೆಂದು ಎಂಜಿನ್ನಿನ ವೇಗವನ್ನು ಪೂರ್ತಿ ಏರಿಸಿದ.

ಸದ್ದು ದೊಡ್ಡದಾಗಿರಲಿಲ್ಲ. ಒಣ ಕಡ್ಡಿ ಮುರಿದಷ್ಟೇ. ಒಂದೇ ಅಲಗು ಉಳಿದ ಎಂಜಿನ್ನು ಬೋಲ್ಟುಗಳನ್ನು ಕಿತ್ತುಕೊಂಡು ಮಣ್ಣಿನಲ್ಲಿ ಬಿತ್ತು. ದರ್ಜಿ ಕುಳಿತಲ್ಲೇ ಇದ್ದ. ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ. ಹೆಬ್ಬೆರಳು ಇರಲಿಲ್ಲ. ಅದರ ಪಕ್ಕದ ಬೆರಳನ್ನು ಆಸ್ಪತ್ರೆಯಲ್ಲಿ ತೆಗೆದರು.

ಸೂಜಿ ಹಿಡಿಯುವುದು ಆ ಎರಡು ಬೆರಳಿನಿಂದ.

ಮೂರನೆಯ ದಿನ ಕೆತ್ತನೆಯವನು ಆಸ್ಪತ್ರೆಗೆ ಹೋದ. ಮಂಚದ ಪಕ್ಕದಲ್ಲಿ ನಿಂತ.

"ಅದರಲ್ಲಿ ಬಿರುಕಿತ್ತು. ನನಗೆ ಗೊತ್ತಿತ್ತು" ಎಂದ. ಆಮೇಲೆ, "ನಾನು ಅದನ್ನು ಒಂದು ದಿನವೂ ಬಳಸಲಿಲ್ಲ" ಎಂದ.

ದರ್ಜಿ ತನ್ನ ಕೈಗೆ ಸುತ್ತಿದ ಬಟ್ಟೆಯನ್ನು ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಗೋಡೆಯ ಮೇಲೆ ತೂಗುಹಾಕಿದ್ದಿರಿ. ಒಳ್ಳೆಯದೇ ಇರಬೇಕು ಅಂದುಕೊಂಡೆ, ಅಣ್ಣಾ."

ಕತೆ ಅಲ್ಲಿಗೆ ನಿಂತಿತು. ಗುರುಗಳು ಚಾಪೆಯ ಕೊನೆಯ ಎಳೆಯನ್ನು ಬಿಗಿದು ಗಂಟು ಹಾಕಿದರು.

ಶಾಂತಮಲ್ಲ ನೆಲ ನೋಡುತ್ತಿದ್ದ. ದರ್ಜಿಗಿಂತ ಹೆಚ್ಚಾಗಿ ಕೆತ್ತನೆಯವನ ಮೇಲೆ ಅವನಿಗೆ ಕನಿಕರ ಬಂದಿತ್ತು. ಅವನ ಪರವಾಗಿ ಯಾರಾದರೂ ಒಂದು ಮಾತು ಆಡಬೇಕು ಎನ್ನಿಸಿತು.

"ಅವನು ಕೆಟ್ಟವನಲ್ಲ, ಬುದ್ಧಿ. ಕೊನೆಗೆ ಓಡಿದನಲ್ಲ. ಸುಮ್ಮನೆ ನಿಂತದ್ದು ಎರಡೇ ಉಸಿರು."

"ಹೌದು, ಎರಡೇ."

ಗುರುಗಳು ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದರು.

"ನಿನ್ನದು ಎಷ್ಟು ವರ್ಷ ಅಂದೆ?"