ಬೀರು ಮತ್ತು ಉಪ್ಪಿನಾಗರದ ಬಿಸಿಲು

ನಗು ಬಂದರೆ ನಗಿ. ಆದರೆ ಹೊನ್ನಕ್ಕ ಎದುರಿಗಿದ್ದಾಗ ನಗಬೇಡಿ, ಪೊರಕೆ ತೆಗೀತಾಳೆ!

ಹೊಳೆ ಸಮುದ್ರ ಸೇರುವಲ್ಲಿ ಒಂದು ಉಪ್ಪಿನಾಗರ, ಕಡಲ ನೀರು ಒಣಗಿಸಿ ಉಪ್ಪು ತೆಗೆಯುವ ಬಯಲು. ಅಲ್ಲಿ ಉಪ್ಪು ಹೊರುವವಳು ಈ ಹೊನ್ನಕ್ಕ. ಒಬ್ಬನೇ ಮಗ ಬೀರು, ಅವನಿಗೂ ಅಲ್ಲೇ ಕೆಲಸ. ಎತ್ತಿನಂಥ ಮೈ, ಕೂಸಿನಂಥ ಬುದ್ಧಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡುವವ.

ಅವನಪ್ಪ ಮೂವತ್ತು ವರ್ಷ ಬರಿಮೈಯಲ್ಲಿ ಅದೇ ಆಗರದಲ್ಲಿ ದುಡಿದ. ಮೇಲಿಂದ ಬಿಸಿಲು, ಕೆಳಗಿಂದ ಬಿಳಿ ಉಪ್ಪಿನ ಝಳ. ಕಿವಿಯ ತುದಿಯಲ್ಲಿ ಒಂದು ಹುಣ್ಣಾಯಿತು, ಮಾಯಲಿಲ್ಲ. ಅರಿಸಿನ ಹಚ್ಚಿದ, ಸುಣ್ಣ ಹಚ್ಚಿದ, ವರ್ಷ ಕಳೆದ. ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. “ಚರ್ಮದ ಕ್ಯಾನ್ಸರು. ಬಿಸಿಲಲ್ಲಿ ದುಡಿದದ್ದೇ ಮುಳುವಾಯ್ತು” ಅಂದರು ಡಾಕ್ಟರು.

ಅಂದಿನಿಂದ ಹೊನ್ನಕ್ಕನಿಗೆ ಸೂರ್ಯನ ಮೇಲೆ ಸಿಟ್ಟು, ಆಗರದ ಒಡೆಯ ಮಂಗೇಶಯ್ಯನ ಮೇಲೆ ಸಿಟ್ಟು, ಮಗನ ಮೇಲಂತೂ ದಿನಾ ಸಿಟ್ಟು.

“ಕೇಳೋ! ಕೆಲಸ ಮುಗಿದದ್ದೇ ನೆರಳಿಗೆ ಹೋಗು. ನೆರಳು ಬಿಟ್ಟು ಕದಲಬೇಡ!”

“ಆಯ್ತವ್ವಾ!”

ಆಗರದಲ್ಲಿ ಮರವಿಲ್ಲ, ಸೂರಿಲ್ಲ. ಇದ್ದದ್ದು ಉಪ್ಪಿನ ಲಾರಿಯ ನೆರಳೊಂದೇ. ಬೀರು ಅದರಲ್ಲಿ ಕೂತ. ಲಾರಿ ಹೊರಟಿತು. ನೆರಳೂ ಹೊರಟಿತು. ಬೀರುವೂ ಹೊರಟ! ಓಡಿದ, ಓಡಿದ, ಪೇಟೆ ಮುಟ್ಟಿದ. ಸಂಜೆ ಕಾಲೆಲ್ಲ ಬೊಬ್ಬೆ ಎದ್ದು ಮನೆಗೆ ಬಂದ.

“ಅಯ್ಯೋ ಹೆಡ್ಡ! ನೆರಳಿಲ್ಲದಿದ್ದರೆ ಮೈ ಮುಚ್ಕೋಬೇಕು! ತಲೆಯಿಂದ ಕಾಲಿನ ತನಕ ಮುಚ್ಕೋಬೇಕು!”

“ಆಯ್ತವ್ವಾ!”

ಮರುದಿನ ಎರಡು ಗೋಣಿಚೀಲ ಸೇರಿಸಿ ಹೊಲಿದು ತಲೆಯಿಂದ ಕಾಲಿನ ತನಕ ಹಾಕಿಕೊಂಡ. ಕಣ್ಣಿಗೆ ತೂತು? ಅವ್ವ ಹೇಳಿರಲಿಲ್ಲ! ತಡಕಾಡುತ್ತ ನಡೆದ. ಹೆಂಗಸರು ಬೆಳಗಿಂದ ಗುಡ್ಡೆ ಹಾಕಿದ ಉಪ್ಪಿನ ಮೇಲೆ ಬಿದ್ದ, ಎದ್ದ, ಇನ್ನೊಂದು ಗುಡ್ಡೆ ಕೆಡವಿದ.

“ನಿನ್ನ ತಲೆಗಿಷ್ಟು ಮಣ್ಣು ಹಾಕ! ತುಂಬುತೋಳಿನ ಅಂಗಿ ಹಾಕು, ಅಗಲ ಅಂಚಿನ ಟೋಪಿ ಹಾಕು! ಇಗೋ, ಬಿಸಿಲು ತಾಗದ ಹಾಗೆ ನರ್ಸಮ್ಮ ಕೊಟ್ಟ ಮುಲಾಮು. ಬಿಸಿಲು ಬೀಳೋ ಕಡೆಯೆಲ್ಲ ಹಚ್ಚು! ಒಂದು ಚೂರೂ ಬಿಡಬೇಡ!”

“ಆಯ್ತವ್ವಾ!”

ಬೀರು ನೋಡಿದ. ಬಿಸಿಲು ಕಟ್ಟೆಯ ಕಲ್ಲಿನ ಮೇಲೆ ಬಿದ್ದಿತ್ತು. ಹಚ್ಚಿದ. ಎಮ್ಮೆಯ ಬೆನ್ನ ಮೇಲೆ ಬಿದ್ದಿತ್ತು. ಹಚ್ಚಿದ. ಮಂಗೇಶಯ್ಯನ ಸ್ಕೂಟರಿನ ಸೀಟಿನ ಮೇಲೆ ಬಿದ್ದಿತ್ತು. ಅಲ್ಲಿಗೆ ದಪ್ಪಗೆ ಹಚ್ಚಿದ! ಮಂಗೇಶಯ್ಯ ಕೂತ, ಜಾರಿದ, ಧೊಪ್ಪನೆ ಕೆಳಗೆ ಬಿದ್ದ.

“ಯಾವನೋ ಅವನು?” ಎಂದು ಕೂಗುತ್ತ ಎದ್ದ. ಪಂಚೆಯ ಹಿಂದೆಲ್ಲ ಮುಲಾಮು.

ಹೊನ್ನಕ್ಕ ಮುಂದೆ ಬಂದಳು. “ನನ್ನ ಮಗ, ಒಡೆಯಾ. ತಪ್ಪಾಯ್ತು. ಆದರೆ ಇಲ್ಲೊಂದು ಚಪ್ಪರ ಹಾಕಿಸಿ. ನಡುಮಧ್ಯಾಹ್ನ ಬಿಡುವು ಕೊಡಿ. ಬೆಳಗು ಸಂಜೆ ದುಡಿದು ಕೊಡ್ತೇವೆ. ಇವನಪ್ಪ ಸತ್ತದ್ದು ನಿಮಗೆ ಗೊತ್ತಿದೆ.”

ಮಂಗೇಶಯ್ಯ ಕೊಡೆ ಬಿಡಿಸಿ ಅದರಡಿ ನಿಂತ. “ಬಿಸಿಲಿಗೆ ಹೆದರುವವರು ಆಗರಕ್ಕೆ ಯಾಕೆ ಬರ್ತೀರೇ? ನಿಮ್ಮ ಚರ್ಮಕ್ಕೆ ಎಂತ ಆಗ್ತದೆ? ಎಮ್ಮೆ ಚರ್ಮ!”

ಹೊನ್ನಕ್ಕ ಬುಟ್ಟಿ ಎತ್ತಿಕೊಂಡು ನಡೆದಳು. ಮನೆಗೆ ಬಂದು ಗಂಜಿಯ ತಟ್ಟೆ ನೆಲಕ್ಕೆ ಕುಕ್ಕಿದಳು. ಕಣ್ಣು ಕೆಂಡ.

“ಎಮ್ಮೆ ಚರ್ಮವಂತೆ! ಆ ಮನುಷ್ಯನನ್ನ ಒಂದು ಮಧ್ಯಾಹ್ನ ಆಗರದ ನಡುವೆ ನಿಲ್ಲಿಸಬೇಕು!”

“ಆಯ್ತವ್ವಾ!” ಅಂದ ಬೀರು. ಸಿಟ್ಟಿನಲ್ಲಿ ಅವಳಿಗೆ ಕೇಳಿಸಲಿಲ್ಲ.

ಮರುದಿನ ನೆತ್ತಿ ಮೇಲೆ ಸೂರ್ಯ. ಬೀರು ಮಂಗೇಶಯ್ಯನನ್ನ ಕೂಸಿನ ಹಾಗೆ ಎತ್ತಿದ, ಆಗರದ ನಟ್ಟನಡುವೆ ನಿಲ್ಲಿಸಿದ, ಹೆಗಲು ಅದುಮಿ ಹಿಡಿದ. ಕೊಡೆ ದಡದಲ್ಲೇ ಬಿದ್ದಿತ್ತು.

“ಬಿಡೋ! ಸುಡ್ತದೋ!”

ಹೆಂಗಸರೆಲ್ಲ ಬುಟ್ಟಿ ಇಳಿಸಿ ನೋಡಿದರು. ಒಬ್ಬಳೂ ಕದಲಲಿಲ್ಲ. ಮಂಗೇಶಯ್ಯನ ಬೋಳುತಲೆ ಬೆಂದ ಸಿಗಡಿಯಂತೆ ಕೆಂಪಾಯಿತು. ಹೊನ್ನಕ್ಕ ಓಡಿ ಬಂದಳು. ಬಯ್ಯಲು ಬಾಯಿ ತೆರೆದಳು. ಅಷ್ಟರಲ್ಲಿ ಮಂಗೇಶಯ್ಯ ಕೈಮುಗಿದ.

“ಹೊನ್ನಕ್ಕಾ, ಬಿಡಿಸೇ! ಚಪ್ಪರ ಹಾಕಿಸ್ತೇನೆ! ಮಧ್ಯಾಹ್ನ ಕೆಲಸವೇ ಬೇಡ! ಇದು ನನ್ನ ಮಾತು!”

ಎಷ್ಟೋ ವರ್ಷದ ಸಿಟ್ಟಿನಲ್ಲಿ ಹೊನ್ನಕ್ಕ ಮಗನತ್ತ ತಿರುಗಿದಳು.

“ಬೀರೂ! ಹೆಗಲು ಬಿಡು! ಆ ಮಾತು ಮಾತ್ರ ಗಟ್ಟಿಯಾಗಿ ಹಿಡ್ಕೋ! ಚಪ್ಪರ ಏಳೋ ತನಕ ಬಿಡಬೇಡ!”

“ಆಯ್ತವ್ವಾ!”

ಬೀರು ಹೆಗಲು ಬಿಟ್ಟ. ಮಂಗೇಶಯ್ಯನ ಬಾಯಿಗೆ ಕೈ ಹಾಕಿ ಎರಡು ಬೆರಳಲ್ಲಿ ನಾಲಿಗೆ ಹಿಡಿದ.

ಚಪ್ಪರ ಅಂದೇ ಸಂಜೆ ಎದ್ದಿತು!